ಪಂಕ್ತಿಯಲ್ಲಿ ಕೂತು ಬರುವ ಆಮ್ಲಜನಕ

ಗದಗ ಜಿಲ್ಲೆಯ ಒಂದು ಕಾಲೇಜಿನಲ್ಲಿ ಚಳಿಗಾಲದ ಒಂದು ಸಂಜೆ ಆಡಿದ ಮಾತು ಇದು. ವಿದ್ಯಾರ್ಥಿಗಳ ಜೊತೆ ಊರಿನವರೂ ಬಂದಿದ್ದರು. ಬರೆದುಕೊಡಿ ಎಂದು ಕೇಳಿದ್ದರಿಂದ ಬರೆದಿದ್ದೇನೆ. ಅವತ್ತು ಹೇಳಲು ಮರೆತ ಒಂದೆರಡು ವಿಷಯ ಸೇರಿಸಿದ್ದೇನೆ, ಎರಡು ಸಲ ಹೇಳಿದ್ದನ್ನು ಒಂದು ಸಲಕ್ಕೆ ಇಳಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ಈ ಎರಡು ಗಾಜಿನ ಸೀಸೆ ನೋಡಿ. ಎರಡರಲ್ಲೂ ಇರುವುದು ನನ್ನದೇ ರಕ್ತ. ಬೆಳಗ್ಗೆ ಇಲ್ಲಿನ ಲ್ಯಾಬಿನಲ್ಲಿ ಎಡಗೈಯಿಂದ ತೆಗೆಸಿಕೊಂಡೆ. ಹೆಪ್ಪುಗಟ್ಟದ ಹಾಗೆ ಮದ್ದು ಹಾಕಿದೆ. ಬಣ್ಣ ನೋಡಿ, ಕಪ್ಪುಗೆಂಪು. ನೇರಳೆ ಹಣ್ಣು ತಿಂದ ನಾಲಿಗೆಯ ಹಾಗಿದೆ ಅಲ್ವಾ? ಈಗ ಒಂದು ಸೀಸೆಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿ, ಮೆಲ್ಲಗೆ ಅಲ್ಲಾಡಿಸುತ್ತೇನೆ. ಜೋರಾಗಿ ಕುಲುಕಿದರೆ ನೊರೆ ಬಂದು ಕಣಗಳು ಒಡೆಯುತ್ತವೆ. ಹೀಗೆ, ಆ ಕಡೆ ಈ ಕಡೆ ವಾಲಿಸಿದರೆ ಸಾಕು. ಒಂದೆರಡು ನಿಮಿಷ ಸಹಿಸಿಕೊಳ್ಳಿ.

ನೋಡಿದಿರಾ? ಅಲ್ಲಾಡಿಸಿದ ಸೀಸೆ ದಾಸವಾಳದ ಬಣ್ಣಕ್ಕೆ ಬಂತು. ಇನ್ನೊಂದು ಇದ್ದ ಹಾಗೇ ಇದೆ. ನಾನು ಒಳಗೆ ಏನೂ ಹಾಕಲಿಲ್ಲ. ಈ ಕೋಣೆಯ ಗಾಳಿ ಸೇರಿತು, ಅಷ್ಟೆ. ನಿಮ್ಮ ಎದೆಯೊಳಗೆ ಪ್ರತಿ ಉಸಿರಿಗೂ ಇದೇ ಆಗುತ್ತಿದೆ. ಅಲ್ಲಿ ಒಂದೆರಡು ನಿಮಿಷ ಬೇಕಿಲ್ಲ. ಶ್ವಾಸಕೋಶದ ಸಣ್ಣ ನಾಳದಲ್ಲಿ ರಕ್ತದ ಕಣ ಇರುವುದೇ ಮುಕ್ಕಾಲು ಸೆಕೆಂಡು. ಅದರ ಮೂರನೇ ಒಂದು ಪಾಲು ಸಮಯದಲ್ಲೇ ಬಣ್ಣ ತಿರುಗಿಬಿಡುತ್ತದೆ.

ಈ ಕೆಂಪು ಪದಾರ್ಥಕ್ಕೆ ಹಿಮೋಗ್ಲೋಬಿನ್ ಎಂದು ಹೆಸರಿಟ್ಟವನು ಜರ್ಮನಿಯ ಹೋಪ್-ಸೈಲರ್, 1864ರಲ್ಲಿ. ಅದೇ ವರ್ಷ ಕೇಂಬ್ರಿಜ್‌ನಲ್ಲಿ ಜಾರ್ಜ್ ಸ್ಟೋಕ್ಸ್ ಎಂಬ ಗಣಿತಜ್ಞ ನಾನು ಈಗ ಮಾಡಿದ್ದನ್ನು ತಿರುಗುಮುರುಗು ಮಾಡಿ ತೋರಿಸಿದ. ಕೆಂಪು ರಕ್ತದಿಂದ ಆಮ್ಲಜನಕ ಕಿತ್ತುಕೊಂಡ, ಕಪ್ಪಾಯಿತು. ಗಾಳಿ ಕೊಟ್ಟ, ಕೆಂಪಾಯಿತು. ಅಂದರೆ ಇದು ಸೌದೆ ಉರಿದ ಹಾಗೆ ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಬಂದದ್ದು ಹೋಗುತ್ತದೆ, ಹೋದದ್ದು ಬರುತ್ತದೆ.

ಮಧ್ಯೆ ಒಂದು ಮಾತು. ಕೈಮೇಲಿನ ನರ ನೀಲಿ ಕಾಣುತ್ತದೆ, ಹಾಗಾಗಿ ಕೆಟ್ಟ ರಕ್ತ ನೀಲಿ ಎಂದು ಎಷ್ಟೋ ಜನ ನಂಬಿದ್ದಾರೆ. ನೀಲಿಯೂ ಅಲ್ಲ, ಕೆಟ್ಟದ್ದೂ ಅಲ್ಲ. ನರದಿಂದ ತೆಗೆದ ರಕ್ತವೇ ಈ ಸೀಸೆಯಲ್ಲಿ ಇರುವುದು. ಚರ್ಮದ ಮೂಲಕ ಬೆಳಕು ಹೋಗಿಬರುವ ರೀತಿಯಿಂದ ನಮಗೆ ನೀಲಿ ಕಾಣುತ್ತದೆ. ಇನ್ನೊಂದು ಗಮ್ಮತ್ತು ಇದೆ. ಈ ಕಪ್ಪುಗೆಂಪು ರಕ್ತ ಖಾಲಿಯೂ ಅಲ್ಲ. ಸುಮ್ಮನೆ ಕೂತಿರುವ ಮನುಷ್ಯನಲ್ಲಿ ಹೃದಯಕ್ಕೆ ಮರಳುವ ರಕ್ತದಲ್ಲಿ ಇನ್ನೂ ಮುಕ್ಕಾಲು ಪಾಲು ಆಮ್ಲಜನಕ ಉಳಿದಿರುತ್ತದೆ. ಅದು ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಮೊದಲ ಪ್ರಶ್ನೆ, ಇಂಥದ್ದೊಂದು ಪದಾರ್ಥ ಬೇಕೇ ಯಾಕೆ? ಆಮ್ಲಜನಕ ರಕ್ತದ ನೀರಿನಲ್ಲೇ ಕರಗಿ ಹೋಗಬಹುದಿತ್ತಲ್ಲ? ಲೆಕ್ಕ ಹಾಕೋಣ. ಒಂದು ಲೀಟರ್ ರಕ್ತದ ನೀರಿನಂಶದಲ್ಲಿ ಕರಗುವ ಆಮ್ಲಜನಕ ಬರೀ 3 ಮಿಲಿಲೀಟರ್. ಸುಮ್ನೆ ಕೂತಿದ್ದರೂ ಮೈಗೆ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಬೇಕು. ಹೃದಯ ನಿಮಿಷಕ್ಕೆ ಒತ್ತುವುದು 5 ಲೀಟರ್ ರಕ್ತ. ಅಂದರೆ ಸಿಗುವುದು 15 ಮಿಲಿಲೀಟರ್. ಉಳಿದದ್ದಕ್ಕೆ ಏನು ಮಾಡೋದು? ಬರೀ ನೀರನ್ನೇ ನಂಬಿದರೆ ಹೃದಯ ನಿಮಿಷಕ್ಕೆ 80 ಲೀಟರಿಗೂ ಜಾಸ್ತಿ ಒತ್ತಬೇಕು. ಬಾವಿಯಿಂದ ನಿಮಿಷಕ್ಕೆ ಐದಾರು ಕೊಡ ಸೇದಿದ ಹಾಗೆ, ಹಗಲೂ ರಾತ್ರಿ, ಅದೂ ಸುಮ್ನೆ ಕೂತಿರುವುದಕ್ಕೆ. ಹಿಮೋಗ್ಲೋಬಿನ್ ಸೇರಿದ ಕೂಡಲೇ ಅದೇ ಒಂದು ಲೀಟರ್ ರಕ್ತ ಸುಮಾರು 200 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ.

ಹಿಮೋಗ್ಲೋಬಿನ್ ಇಲ್ಲದೆ ಬದುಕುವ ಬೆನ್ನೆಲುಬಿನ ಪ್ರಾಣಿ ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. ಅಂಟಾರ್ಕ್ಟಿಕಾದ ಕಡಲಿನಲ್ಲಿ ಹಿಮಮೀನುಗಳಿವೆ. ಕೊಯ್ದರೆ ನೆತ್ತರು ಕೆಂಪಾಗಿರುವುದಿಲ್ಲ, ಗಂಜಿಯ ತಿಳಿಯ ಹಾಗಿರುತ್ತದೆ. ನಾರ್ವೆಯ ಯೋಹಾನ್ ರೂಡ್ 1954ರಲ್ಲಿ ಆ ನೆತ್ತರನ್ನು ಪರೀಕ್ಷಿಸಿ, ಹಿಮೋಗ್ಲೋಬಿನ್ ಇಲ್ಲವೇ ಇಲ್ಲ ಎಂದು ಬರೆದ. ಅವು ಹೇಗೆ ಬದುಕಿವೆ? ಅಲ್ಲಿನ ನೀರು ಸೊನ್ನೆಗಿಂತಲೂ ತಣ್ಣಗಿರುತ್ತದೆ. ತಣ್ಣೀರಿನಲ್ಲಿ ಆಮ್ಲಜನಕ ಜಾಸ್ತಿ ಕರಗುತ್ತದೆ. ಮೀನೂ ಆರಾಮಾಗಿ, ಅವಸರವಿಲ್ಲದೆ ಬದುಕುತ್ತದೆ. ಅಷ್ಟಾದರೂ ಮೈಗೆ ಮೀರಿದ ದೊಡ್ಡ ಹೃದಯ ಇಟ್ಟುಕೊಂಡಿದೆ, ಉಳಿದ ಮೀನುಗಳಿಗಿಂತ ಎಷ್ಟೋ ಪಟ್ಟು ನೆತ್ತರು ತುಂಬಿಕೊಂಡಿದೆ. ನಮ್ಮ ಬಿಸಿ ಮೈಗೆ, ಈ ಓಡಾಟಕ್ಕೆ ಅದು ನಡೆಯುವ ಮಾತಲ್ಲ.

ಈಗ ಆ ಪದಾರ್ಥ ಏನು ನೋಡೋಣ. ಒಂದು ಹಿಮೋಗ್ಲೋಬಿನ್ ಅಣುವಿನಲ್ಲಿ ನಾಲ್ಕು ಪ್ರೋಟೀನ್ ಸರಗಳು. ಎರಡು ಆಲ್ಫಾ, ಎರಡು ಬೀಟಾ. ಸರದ ಮಣಿ ಅಂದರೆ ಅಮೈನೋ ಆಮ್ಲ. ಆಲ್ಫಾದಲ್ಲಿ 141 ಮಣಿ, ಬೀಟಾದಲ್ಲಿ 146. ಪ್ರತಿ ಸರದ ಮಡಿಕೆಯಲ್ಲಿ ಹೀಮ್ ಎಂಬ ಒಂದು ಚಪ್ಪಟೆ ತಟ್ಟೆ. ತಟ್ಟೆಯ ನಡುವೆ ಒಂದೇ ಒಂದು ಕಬ್ಬಿಣದ ಪರಮಾಣು. ಆಮ್ಲಜನಕ ಬಂದು ಕೂರುವುದು ಆ ಕಬ್ಬಿಣದ ಮೇಲೆ. ನಾಲ್ಕು ಕಬ್ಬಿಣ, ನಾಲ್ಕು ಸೀಟು. ಇಂಥ ಅಣುಗಳು ಒಂದು ಕೆಂಪು ರಕ್ತಕಣದಲ್ಲಿ ಸುಮಾರು 27 ಕೋಟಿ.

ಕಬ್ಬಿಣ, ಗಾಳಿ, ನೀರು ಮೂರೂ ಒಂದೇ ಕಡೆ ಸೇರಿದರೆ ಏನಾಗುತ್ತದೆ ಎಂದು ನೇಗಿಲು ಇಟ್ಟುಕೊಂಡವರಿಗೆ ಹೇಳಬೇಕಿಲ್ಲ. ತುಕ್ಕು. ಹೀಮ್ ತಟ್ಟೆಯನ್ನು ಬರಿದೇ ನೀರಿಗೆ ಬಿಟ್ಟರೆ ಅದಕ್ಕೂ ಅದೇ ಗತಿ. ಒಂದು ಸಲ ಆ ರೀತಿ ಕೆಟ್ಟ ಕಬ್ಬಿಣ ಆಮ್ಲಜನಕವನ್ನು ಹೊರುವುದಿಲ್ಲ. ಅದಕ್ಕೇ ಪ್ರೋಟೀನು ತಟ್ಟೆಯನ್ನು ಜೇಬಿನೊಳಗೆ ಇಟ್ಟುಕೊಂಡ ಹಾಗೆ ಸುತ್ತಿಕೊಂಡಿದೆ, ನೀರು ಒಳಗೆ ನುಗ್ಗದ ಹಾಗೆ. ಆದರೂ ದಿನಾ ಸ್ವಲ್ಪ ತುಕ್ಕು ಹಿಡಿಯುತ್ತಲೇ ಇರುತ್ತದೆ. ಕಣದೊಳಗಿನ ಒಂದು ಕಿಣ್ವ ಅದನ್ನು ಉಜ್ಜಿ ಸರಿಮಾಡುತ್ತಲೇ ಇರುತ್ತದೆ. ಕೆಲವು ಔಷಧಿಗಳಿಂದ, ನೈಟ್ರೇಟ್ ಜಾಸ್ತಿ ಇರುವ ಬಾವಿ ನೀರಿನಿಂದ ಈ ತುಕ್ಕು ಮಿತಿ ಮೀರುವುದುಂಟು. ಆಗ ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ.

ಈ ಕೆಂಪು ಕಣದ ತ್ಯಾಗವನ್ನೂ ಹೇಳಿಬಿಡುತ್ತೇನೆ, ನನಗೆ ಇಷ್ಟವಾದ ವಿಷಯ. ಎಲುಬಿನ ಮಜ್ಜೆಯಲ್ಲಿ ಹುಟ್ಟುವಾಗ ಅದರೊಳಗೆ ಎಲ್ಲ ಜೀವಕೋಶಗಳ ಹಾಗೆ ನ್ಯೂಕ್ಲಿಯಸ್ ಇರುತ್ತದೆ, ಆಮ್ಲಜನಕ ಉರಿಸಿ ಶಕ್ತಿ ಮಾಡುವ ಮೈಟೋಕಾಂಡ್ರಿಯಾ ಇರುತ್ತವೆ. ಹೊರಗೆ ಬರುವ ಹೊತ್ತಿಗೆ ಎರಡನ್ನೂ ಕಳಚಿ ಹಾಕಿರುತ್ತದೆ. ಒಳಗೆ ಜಾಗವಾಯಿತು, ಹಿಮೋಗ್ಲೋಬಿನ್ ತುಂಬಿಕೊಳ್ಳಬಹುದು. ಜೊತೆಗೆ ತಾನು ಹೊತ್ತ ಆಮ್ಲಜನಕವನ್ನು ತಾನು ಮುಟ್ಟುವುದಿಲ್ಲ. ಹಾಲು ಹಾಕುವವನು ದಾರಿಯಲ್ಲಿ ಹಾಲು ಕುಡಿಯದೆ, ಮನೆಯಿಂದ ಕಟ್ಟಿಕೊಂಡು ಬಂದ ರೊಟ್ಟಿ ತಿನ್ನುವ ಹಾಗೆ, ಅದು ಬರೀ ಸಕ್ಕರೆಯ ಮೇಲೆ ಬದುಕುತ್ತದೆ. ನಿಮಿಷಕ್ಕೆ ಒಂದು ಸುತ್ತು, ಸುಮಾರು 120 ದಿನ. ಒಂದೂವರೆ ಲಕ್ಷಕ್ಕೂ ಮೀರಿದ ಸುತ್ತು. ಆಮೇಲೆ ಗುಲ್ಮ ಅದನ್ನು ಒಡೆದು ಹಾಕುತ್ತದೆ, ಕಬ್ಬಿಣ ಮತ್ತೆ ಮಜ್ಜೆಗೆ ಹೋಗುತ್ತದೆ.

ಇಷ್ಟು ಹೊತ್ತು ಹೇಳಿದ್ದು ಹೊರುವ ವಿಷಯ. ನಾನು ನಿಜಕ್ಕೂ ಹೇಳಬೇಕು ಅಂತ ಬಂದಿದ್ದು ಇಳಿಸುವ ವಿಷಯ. ಮೂವತ್ತು ವರ್ಷ ಮೆಡಿಕಲ್ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡಿದೆ. ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುತ್ತದೆ ಎಂದು ಎಲ್ಲ ಮಕ್ಕಳೂ ಬರೆಯುತ್ತಾರೆ. ಬಿಡುತ್ತದೆ ಎಂದು ಬರೆಯಲು ಮರೆಯುತ್ತಾರೆ. ಹಿಡಿಯುವುದು ದೊಡ್ಡದೇನಲ್ಲ. ನಮ್ಮ ಸ್ನಾಯುಗಳಲ್ಲಿ ಮಯೋಗ್ಲೋಬಿನ್ ಎಂಬ ಇನ್ನೊಂದು ಪ್ರೋಟೀನಿದೆ. ಅದಕ್ಕೆ ಒಂದೇ ಸರ, ಒಂದೇ ಕಬ್ಬಿಣ. ಹಿಡಿಯುವುದರಲ್ಲಿ ಹಿಮೋಗ್ಲೋಬಿನ್‌ಗಿಂತ ಎಷ್ಟೋ ಗಟ್ಟಿ. ಅದನ್ನೇ ರಕ್ತದಲ್ಲಿ ತುಂಬಿದ್ದರೆ ಶ್ವಾಸಕೋಶದಲ್ಲಿ ಪೂರ್ತಿ ತುಂಬಿಕೊಂಡು, ಮೈಯೆಲ್ಲ ಸುತ್ತಿ, ತುಂಬಿದ ಹಾಗೇ ವಾಪಸ್ ಬರುತ್ತಿತ್ತು. ಬಸ್ಸು ತುಂಬಿದೆ, ಯಾವ ಸ್ಟಾಪಿನಲ್ಲೂ ಯಾರೂ ಇಳಿಯಲಿಲ್ಲ. ಏನು ಉಪಯೋಗ?

ಹಾಗಾದರೆ ಶ್ವಾಸಕೋಶದಲ್ಲಿ ಬಿಗಿಯಾಗಿ ಹಿಡಿದು, ಕಾಲಿನ ಸ್ನಾಯುವಿನಲ್ಲಿ ಸಲೀಸಾಗಿ ಬಿಡುವುದು ಹೇಗೆ? ಒಂದೇ ಅಣು, ಎರಡು ಕಡೆ ಎರಡು ಗುಣ. ಇದಕ್ಕೆ ಉತ್ತರ ಆ ನಾಲ್ಕು ಸೀಟಿನಲ್ಲಿದೆ.

ಮದುವೆ ಮನೆಯ ಊಟದ ಪಂಕ್ತಿ ನೆನೆಸಿಕೊಳ್ಳಿ. ಎಲೆ ಹಾಕಿದೆ, ಆದರೆ ಮೊದಲು ಕೂರುವುದಕ್ಕೆ ಎಲ್ಲರಿಗೂ ಸಂಕೋಚ. "ನೀವು ಕೂತ್ಕೊಳ್ಳಿ, ನೀವು ಕೂತ್ಕೊಳ್ಳಿ." ಯಾರೋ ಒಬ್ಬರು ಕೂತರು ಅನ್ನಿ, ಪಕ್ಕದವರು ಕೂರುತ್ತಾರೆ, ಮೂರನೆಯವರಿಗೆ ಹೇಳಬೇಕಾಗಿಯೇ ಇಲ್ಲ, ಕೊನೆಯ ಎಲೆಗೆ ಓಡಿ ಬರುತ್ತಾರೆ. ಏಳುವಾಗಲೂ ಹಾಗೇ. ಪಂಕ್ತಿ ಮುಗಿಯುವ ಮೊದಲು ಯಾರೂ ಏಳುವ ಹಾಗಿಲ್ಲ. ಒಬ್ಬ ಹಿರಿಯರು ಎದ್ದರೋ, ಸಾಲೆಲ್ಲ ಎದ್ದ ಹಾಗೆ. ಹಿಮೋಗ್ಲೋಬಿನ್‌ನ ನಾಲ್ಕು ಸೀಟುಗಳೂ ಪಂಕ್ತಿ. ಮೊದಲನೇ ಆಮ್ಲಜನಕ ಕೂರುವುದು ಕಷ್ಟ. ಅದು ಕೂತರೆ ಎರಡನೆಯದಕ್ಕೆ ಸುಲಭ, ನಾಲ್ಕನೆಯದಕ್ಕೆ ಇನ್ನೂ ಸುಲಭ. ಇಳಿಯುವಾಗ ಒಂದು ಇಳಿದರೆ ಉಳಿದವು ಸಡಿಲವಾಗುತ್ತವೆ.

ಅಂಕಿಗಳಲ್ಲಿ ನೋಡಿ. ಶ್ವಾಸಕೋಶದಲ್ಲಿ ಆಮ್ಲಜನಕದ ಒತ್ತಡ ಸುಮಾರು 100 ಮಿಲಿಮೀಟರ್ ಪಾದರಸ. ಅಲ್ಲಿ ಸೀಟುಗಳು ಶೇಕಡ 97-98ರಷ್ಟು ಭರ್ತಿ. ಒತ್ತಡ 60ಕ್ಕೆ ಇಳಿದರೂ ಶೇಕಡ 90ರ ಹತ್ತಿರ ಭರ್ತಿಯೇ ಇರುತ್ತದೆ. ಅದಕ್ಕೇ ಬೆಟ್ಟದ ಊರಿಗೆ ಪ್ರವಾಸ ಹೋದರೂ ನಮಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಒತ್ತಡ 40, ಅಂದರೆ ವಿಶ್ರಾಂತಿಯಲ್ಲಿರುವ ಮೈಯಿಂದ ಮರಳುವ ರಕ್ತ, ಅಲ್ಲಿ ಶೇಕಡ 75. ನಾಲ್ಕರಲ್ಲಿ ಒಬ್ಬ ಮಾತ್ರ ಇಳಿದ. ಇದೇ ನಾನು ಮೊದಲು ಹೇಳಿದ ಮುಕ್ಕಾಲು ಪಾಲು. ಈಗ ಒತ್ತಡ ಇನ್ನೂ 20 ಇಳಿಯಲಿ, ದುಡಿಯುವ ಸ್ನಾಯುವಿನಲ್ಲಿ ಅಷ್ಟು ಇಳಿಯುತ್ತದೆ. ಭರ್ತಿ ಮೂರನೇ ಒಂದು ಪಾಲಿಗೆ ಕುಸಿಯುತ್ತದೆ. ನೂರರಿಂದ ಅರವತ್ತಕ್ಕೆ ಇಳಿದಾಗ ಹತ್ತು ಜನರಲ್ಲಿ ಒಬ್ಬರೂ ಇಳಿಯದ ಬಸ್ಸಿನಿಂದ ನಲವತ್ತರಿಂದ ಇಪ್ಪತ್ತಕ್ಕೆ ಇಳಿದಾಗ ನಾಲ್ವರು ಧುಮುಕಿದರು. ಮುಕ್ಕಾಲು ಪಾಲು ಇಟ್ಟುಕೊಂಡು ತಿರುಗುವುದು ಜಿಪುಣತನ ಅಲ್ಲ. ನೀವು ತಟ್ಟನೆ ಎದ್ದು ಬಸ್ಸಿಗೆ ಓಡಿದರೆ ಬೇಕಾಗುವುದು ಅದೇ.

ಇದರ ಒಳಗುಟ್ಟು ಬಿಡಿಸಿದವನು ಮ್ಯಾಕ್ಸ್ ಪೆರುಟ್ಜ್. ವಿಯೆನ್ನಾದಲ್ಲಿ ಹುಟ್ಟಿದವನು, 1936ರಲ್ಲಿ ಕೇಂಬ್ರಿಜ್‌ಗೆ ಬಂದ. ಮರುವರ್ಷ ಏನು ಸಂಶೋಧನೆ ಮಾಡಲಿ ಎಂದು ಕೇಳಲು ಪ್ರಾಗ್‌ಗೆ, ಫೆಲಿಕ್ಸ್ ಹೌರೋವಿಟ್ಜ್ ಬಳಿ ಹೋದ. ಪೆರುಟ್ಜ್‌ನ ಸೋದರಸಂಬಂಧಿಯ ಗಂಡ ಆತ. ಹಿಮೋಗ್ಲೋಬಿನ್ ಹಿಡಿ ಎಂದ. ಈ ಹೌರೋವಿಟ್ಜ್ 1938ರಲ್ಲಿ ಒಂದು ವಿಚಿತ್ರ ಬರೆದಿದ್ದಾನೆ. ಆಮ್ಲಜನಕ ಇಲ್ಲದ ಹಿಮೋಗ್ಲೋಬಿನ್ ಹರಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ. ಮೇಲಿನ ಗಾಜಿನ ಅಂಚಿನಿಂದ ಗಾಳಿ ಒಳಗೆ ಸರಿಯಿತು. ಕಣ್ಣೆದುರೇ ಆ ನೇರಳೆ ಹರಳುಗಳು ಒಡೆದು ಕರಗಿ, ಕೆಂಪು ಬಣ್ಣದ ಬೇರೆಯದೇ ಆಕಾರದ ಹರಳುಗಳು ಹುಟ್ಟಿದವು. ಬರೀ ಆಮ್ಲಜನಕ ಬಂದು ಕೂತರೆ ಹರಳು ಯಾಕೆ ಒಡೆಯಬೇಕು? ಅಂದರೆ ಕೂತ ಕೂಡಲೇ ಅಣುವಿನ ಮೈಕಟ್ಟೇ ಬದಲಾಗುತ್ತದೆ.

ಪೆರುಟ್ಜ್ ಕುದುರೆ ರಕ್ತದ ಹರಳಿನ ಮೇಲೆ ಎಕ್ಸ್-ರೇ ಬಿಟ್ಟು ಕೂತ. ಯುದ್ಧ ಬಂತು. 1940ರಲ್ಲಿ ಶತ್ರುದೇಶದವನು ಎಂದು ಅವನನ್ನೇ ಸೆರೆಹಿಡಿದು ಕೆನಡಾಕ್ಕೆ ಸಾಗಿಸಿದರು. ಬಿಟ್ಟ ಮೇಲೆ ಕೊಟ್ಟ ಕೆಲಸ ಮರದ ಹೊಟ್ಟು ಬೆರೆಸಿದ ಮಂಜುಗಡ್ಡೆಯ ಬಲ ಅಳೆಯುವುದು. ಅದರಿಂದ ವಿಮಾನ ಇಳಿಯುವಂಥ ದೊಡ್ಡ ಹಡಗು ಕಟ್ಟುವ ಯೋಚನೆ ಬ್ರಿಟಿಷರದ್ದು! ಹಡಗು ಆಗಲಿಲ್ಲ. ಅವನು ಹಿಮೋಗ್ಲೋಬಿನ್‌ಗೆ ಮರಳಿದ. 1953ರಲ್ಲಿ ಅಣುವಿಗೆ ಪಾದರಸ ಅಂಟಿಸಿ ಚಿತ್ರ ಬಿಡಿಸುವ ಉಪಾಯ ಹೊಳೆಯಿತು. 1959ರಲ್ಲಿ ಮೊದಲ ಬಾರಿಗೆ ಅಣುವಿನ ಆಕಾರ ಕಂಡಿತು. ಇಪ್ಪತ್ತೆರಡು ವರ್ಷ ಹಿಡಿಯಿತು. 1962ರಲ್ಲಿ ನೊಬೆಲ್ ಬಂತು, ಮಯೋಗ್ಲೋಬಿನ್ ಬಿಡಿಸಿದ ಜಾನ್ ಕೆಂಡ್ರೂ ಜೊತೆ. ಆದರೆ ಅದು ಉಸಿರಾಡುವುದು ಹೇಗೆ ಎಂಬುದು ಆಗಲೂ ಗೊತ್ತಿರಲಿಲ್ಲ. ಅದು ತಿಳಿದದ್ದು 1970ರಲ್ಲಿ.

ಗುಟ್ಟು ಇಷ್ಟೆ. ಆಮ್ಲಜನಕ ಇಲ್ಲದಾಗ ಕಬ್ಬಿಣ ಆ ಚಪ್ಪಟೆ ತಟ್ಟೆಯ ಮಟ್ಟದಿಂದ ಒಂಚೂರು ಹೊರಗೆ ಉಬ್ಬಿರುತ್ತದೆ. ಎಷ್ಟು ಅಂದರೆ, ಒಂದು ಮಿಲಿಮೀಟರನ್ನು ಎರಡೂವರೆ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಆಮ್ಲಜನಕ ಬಂದು ಕೂತರೆ ಕಬ್ಬಿಣ ತಟ್ಟೆಯೊಳಕ್ಕೆ ಸರಿಯುತ್ತದೆ. ಕಬ್ಬಿಣಕ್ಕೆ ಹಿಂದಿನಿಂದ ಪ್ರೋಟೀನ್ ಸರದ ಒಂದು ಮಣಿ ಕಟ್ಟಿದೆ. ಕಬ್ಬಿಣ ಸರಿದರೆ ಮಣಿ ಎಳೆಯುತ್ತದೆ, ಮಣಿ ಸರವನ್ನು ಎಳೆಯುತ್ತದೆ, ಸರ ಪಕ್ಕದ ಸರವನ್ನು ತಳ್ಳುತ್ತದೆ. ನಾಲ್ಕು ಸರಗಳನ್ನು ಬಿಗಿಯಾಗಿ ಕಟ್ಟಿಹಾಕಿದ್ದ ಗಂಟುಗಳು ಒಂದೊಂದಾಗಿ ಬಿಚ್ಚುತ್ತವೆ. ಅಣು ಬಿಗಿದ ಭಂಗಿಯಿಂದ ಸಡಿಲ ಭಂಗಿಗೆ ಹೊರಳುತ್ತದೆ. ಸಡಿಲ ಭಂಗಿಯಲ್ಲಿ ಉಳಿದ ಸೀಟುಗಳಿಗೆ ಆಮ್ಲಜನಕ ಸಲೀಸಾಗಿ ಬರುತ್ತದೆ. ಗಾಣದಲ್ಲಿ ಒಂದು ಹಲ್ಲುಚಕ್ರ ತಿರುಗಿದರೆ ಉಳಿದವು ತಿರುಗಲೇಬೇಕು, ಹಾಗೆ.

ಪಂಕ್ತಿಯನ್ನು ಬೇಗ ಎಬ್ಬಿಸುವ ಜನರೂ ಇದ್ದಾರೆ. 1904ರಲ್ಲಿ ಕೋಪನ್‌ಹೇಗನ್‌ನಲ್ಲಿ ಕ್ರಿಸ್ಟಿಯನ್ ಬೋರ್ ಮತ್ತು ಜೊತೆಗಾರರು ನಾಯಿಯ ರಕ್ತಕ್ಕೆ ಇಂಗಾಲದ ಡೈಆಕ್ಸೈಡ್ ಕೊಟ್ಟು ನೋಡಿದರು. ಅದು ಜಾಸ್ತಿಯಾದಷ್ಟೂ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬೇಗ ಬಿಡುತ್ತದೆ. ಈ ಬೋರ್ ಪರಮಾಣು ವಿಜ್ಞಾನಿ ನೀಲ್ಸ್ ಬೋರ್‌ನ ಅಪ್ಪ. ಈಗ ಯೋಚಿಸಿ, ಹೊಲದಲ್ಲಿ ಗುದ್ದಲಿ ಹಿಡಿದವರ ತೋಳಿನ ಸ್ನಾಯು ಏನು ಮಾಡುತ್ತಿರುತ್ತದೆ? ಇಂಗಾಲದ ಡೈಆಕ್ಸೈಡ್ ಬಿಡುತ್ತಿರುತ್ತದೆ, ಹುಳಿಯಾಗುತ್ತಿರುತ್ತದೆ, ಬಿಸಿಯೇರುತ್ತಿರುತ್ತದೆ. ಮೂರೂ ಹಿಮೋಗ್ಲೋಬಿನ್ ಹಿಡಿತವನ್ನು ಸಡಿಲಿಸುತ್ತವೆ. ಅಂದರೆ ಎಲ್ಲಿ ದುಡಿಮೆ ಜಾಸ್ತಿಯೋ ಅಲ್ಲೇ ಜಾಸ್ತಿ ಇಳಿಯುತ್ತದೆ. ಮೆದುಳು ಅಪ್ಪಣೆ ಕೊಡಬೇಕಿಲ್ಲ, ದುಡಿದ ಜಾಗವೇ ಕೇಳಿ ಪಡೆಯುತ್ತದೆ.

ಇನ್ನೊಂದು ಪುಟ್ಟ ಪದಾರ್ಥ ಇದೆ. ಉದ್ದ ಹೆಸರು, ಡಾಕ್ಟರುಗಳು ಬಿಪಿಜಿ ಅನ್ನುತ್ತಾರೆ. ನಾಲ್ಕು ಸರಗಳ ನಡುವಿನ ಸಂದಿಯಲ್ಲಿ ಬೆಣೆ ಹೊಡೆದ ಹಾಗೆ ಕೂತು ಅಣುವನ್ನು ಬಿಗಿದ ಭಂಗಿಯಲ್ಲೇ ಇಡಲು ನೋಡುತ್ತದೆ. ಈ ಬೆಣೆ ಇಲ್ಲದಿದ್ದರೆ ಹಿಮೋಗ್ಲೋಬಿನ್ ಕೂಡ ಮಯೋಗ್ಲೋಬಿನ್‌ನ ಹಾಗೆ ಹಿಡಿದದ್ದನ್ನು ಬಿಡದ ಜಾತಿಗೇ ಸೇರುತ್ತಿತ್ತು. ಬ್ಲಡ್ ಬ್ಯಾಂಕಿನ ಫ್ರಿಜ್ಜಿನಲ್ಲಿ ರಕ್ತ ಇಟ್ಟಷ್ಟು ದಿನವೂ ಈ ಬೆಣೆ ಕರಗುತ್ತಾ ಹೋಗುತ್ತದೆ. ರೋಗಿಯ ಮೈಗೆ ಸೇರಿದ ಮೇಲೆ ಮತ್ತೆ ತುಂಬಿಕೊಳ್ಳುತ್ತದೆ. ಎತ್ತರದ ಜಾಗಕ್ಕೆ ಹೋಗಿ ಕೆಲವು ದಿನ ಇದ್ದರೆ ಮೈ ಬೆಣೆಗಳನ್ನು ಜಾಸ್ತಿ ಮಾಡುತ್ತದೆ.

ಹೊಟ್ಟೆಯೊಳಗಿನ ಮಗುವಿನ ಹಿಮೋಗ್ಲೋಬಿನ್ ಬೇರೆ. ಬೀಟಾ ಸರದ ಬದಲು ಗಾಮಾ ಸರ. ಅದಕ್ಕೆ ಈ ಬೆಣೆ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಮಗುವಿನ ರಕ್ತ ಅಮ್ಮನ ರಕ್ತಕ್ಕಿಂತ ಗಟ್ಟಿಯಾಗಿ ಹಿಡಿಯುತ್ತದೆ. ಮಾಸಿನಲ್ಲಿ ಅಮ್ಮನ ರಕ್ತ ಬಿಡುತ್ತದೆ, ಮಗುವಿನ ರಕ್ತ ಎತ್ತಿಕೊಳ್ಳುತ್ತದೆ. ಬಸುರಿಯ ಊಟದಲ್ಲಿ ಮಗುವಿಗೆ ಪಾಲು ಅನ್ನುತ್ತೇವಲ್ಲ, ಉಸಿರಿನಲ್ಲೂ ಪಾಲು ಹೋಗುವುದು ಹೀಗೆ. ಹುಟ್ಟಿದ ಆರು ತಿಂಗಳೊಳಗೆ ಬಹುಪಾಲು ಬದಲಾಗಿ ದೊಡ್ಡವರ ಹಿಮೋಗ್ಲೋಬಿನ್ ಬರುತ್ತದೆ. ಬೀಟಾ ಸರದ ತೊಂದರೆ ಇರುವ ಥಲಸ್ಸೀಮಿಯಾ ಮಕ್ಕಳು ಹುಟ್ಟುವಾಗ ಚೆನ್ನಾಗಿದ್ದು ತಿಂಗಳುಗಳಾದ ಮೇಲೆ ಬಿಳಿಚಿಕೊಳ್ಳುವುದು ಇದೇ ಕಾರಣಕ್ಕೆ.

ಆಮ್ಲಜನಕವನ್ನು ಬಿಟ್ಟ ಮೇಲೂ ತೊಂದರೆ ಬರಬಹುದು. ಕುಡಗೋಲು ರಕ್ತಕಣದ ಕಾಯಿಲೆ, ಸಿಕಲ್ ಸೆಲ್, ಅದೇ. 146 ಮಣಿಯ ಬೀಟಾ ಸರದಲ್ಲಿ ಆರನೆಯ ಮಣಿ ಒಂದೇ ಬದಲಾಗಿದೆ ಎಂದು 1950ರ ದಶಕದಲ್ಲಿ ವರ್ನನ್ ಇಂಗ್ರಾಂ ತೋರಿಸಿದ. ಆಮ್ಲಜನಕ ಹೊತ್ತಿರುವಾಗ ಇಂಥ ಹಿಮೋಗ್ಲೋಬಿನ್ ಸುಮ್ಮನಿರುತ್ತದೆ. ಇಳಿಸಿದ ಮೇಲೆ ಒಂದಕ್ಕೊಂದು ಅಂಟಿ ದಾರದ ಹಾಗೆ ಬೆಳೆದು ಕಣವನ್ನೇ ಬಾಗಿಸಿಬಿಡುತ್ತದೆ. ಬಾಗಿದ ಕಣ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಎಲುಬು ಕೀಲುಗಳಲ್ಲಿ ತಡೆಯಲಾರದ ನೋವು. ನಮ್ಮಲ್ಲಿ ಚಾಮರಾಜನಗರ, ಮೈಸೂರು, ಕೊಡಗಿನ ಹಾಡಿಗಳಲ್ಲಿ, ಪೋಡುಗಳಲ್ಲಿ ಈ ಕಾಯಿಲೆ ಇದೆ. ಇದರ ಬಗ್ಗೆಯೇ ಒಂದು ಸಂಜೆ ಮಾತಾಡಬೇಕು, ಇವತ್ತು ಇಷ್ಟಕ್ಕೆ ಬಿಡುತ್ತೇನೆ.

ಈಗ ಬಿಡದೇ ಇರುವುದು ಎಷ್ಟು ಅಪಾಯ ಎಂಬುದಕ್ಕೆ ಬರುತ್ತೇನೆ. ಕಾರ್ಬನ್ ಮೊನಾಕ್ಸೈಡ್. ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿದರೆ, ಚಳಿಗೆ ಬಾಗಿಲು ಕಿಟಕಿ ಹಾಕಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗಿದರೆ ಹುಟ್ಟುವ ಅನಿಲ. ಬಣ್ಣ ಇಲ್ಲ, ವಾಸನೆ ಇಲ್ಲ. ಹಿಮೋಗ್ಲೋಬಿನ್‌ನ ಸೀಟನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಹಿಡಿಯುತ್ತದೆ. ಸೀಟು ಹೋಯಿತು, ಅಷ್ಟೇ ಆದರೆ ಪರವಾಗಿಲ್ಲ. ಹಿಮೋಗ್ಲೋಬಿನ್ ಅರ್ಧಕ್ಕೆ ಇಳಿದವರು ಏದುಸಿರು ಬಿಡುತ್ತಾ ಮನೆಗೆಲಸ ಮಾಡುತ್ತಿರುತ್ತಾರೆ, ನೀವು ನೋಡಿರುತ್ತೀರಿ. ಅದೇ ಅರ್ಧ ಸೀಟಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಕೂತವರು ಎಚ್ಚರ ತಪ್ಪಿ ಬೀಳುತ್ತಾರೆ. ಎರಡರಲ್ಲೂ ಅರ್ಧವೇ ಹೋಗಿರುವುದು, ಮತ್ತೆ ಯಾಕೆ ಹೀಗೆ? ಪಂಕ್ತಿ ನೆನಪಿಸಿಕೊಳ್ಳಿ. ಏಳದ ಒಬ್ಬ ಕೂತಿದ್ದರೆ ಪಕ್ಕದವರೂ ಏಳುವುದಿಲ್ಲ. ಉಳಿದ ಸೀಟುಗಳಲ್ಲಿ ಇರುವ ಆಮ್ಲಜನಕವೂ ಇಳಿಯದೆ ಸುತ್ತುತ್ತಿರುತ್ತದೆ. ಮೈಬಣ್ಣ ಕೆಂಪಾಗಿಯೇ ಕಾಣಬಹುದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ಮೋಸಹೋಗಿ, ಎಲ್ಲ ಸರಿ ಇದೆ ಎಂದು ತೋರಿಸುತ್ತದೆ. ಹಾಗೆ ಬಿದ್ದವರನ್ನು ಮೊದಲು ಹೊರಗೆ ಗಾಳಿಗೆ ಎಳೆಯಬೇಕು, ಆಮೇಲೆ ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ. ಬಚ್ಚಲಿಗೆ ನುಗ್ಗುವಾಗ ನೀವೂ ಉಸಿರು ಬಿಗಿಹಿಡಿದು ನುಗ್ಗಿ.

ಆಕ್ಸಿಮೀಟರ್ ಎಂದಾಗ ನನ್ನ ಮನೆಯದೇ ಒಂದು ಕಥೆ ಹೇಳಬೇಕು. ಈ ಉಪಕರಣದ ಹಿಂದಿನ ಉಪಾಯ ಜಪಾನಿನ ತಾಕುಒ ಅಒಯಾಗಿ ಎಂಬ ಎಂಜಿನಿಯರನದ್ದು, 1970ರ ದಶಕದ ಮೊದಲ ವರ್ಷಗಳದ್ದು. ಒಂದು ಕೆಂಪು ಬೆಳಕು, ಒಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬೆರಳಿನ ಮೂಲಕ ಹಾಯುತ್ತವೆ. ನೇರಳೆ ಬಣ್ಣದ ರಕ್ತ ಕೆಂಪು ಬೆಳಕನ್ನು ಜಾಸ್ತಿ ಹೀರುತ್ತದೆ, ದಾಸವಾಳದ ಬಣ್ಣದ್ದು ಕಮ್ಮಿ. ನಾಡಿ ಬಡಿದಾಗ ಬರುವ ರಕ್ತವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು ಶೇಕಡಾವಾರು ಹೇಳುತ್ತದೆ. ಈ ಎರಡು ಸೀಸೆಗಳ ಬಣ್ಣದ ವ್ಯತ್ಯಾಸವೇ ಅದರ ಬಂಡವಾಳ.

2021ರಲ್ಲಿ ಎಲ್ಲರ ಮನೆಯಲ್ಲೂ ಒಂದು ಇತ್ತಲ್ಲ, ನಮ್ಮಲ್ಲೂ ಇತ್ತು. ನನ್ನ ತಂಗಿ ಬಂದಿದ್ದಳು, ಆಗ 46 ವರ್ಷ. ಮಹಡಿ ಹತ್ತಿದರೆ ಏದುಸಿರು. "ಅಣ್ಣ, ಎದೆ ಡವಡವ ಅನ್ನುತ್ತೆ ಕಣೋ" ಅಂದಳು. ನಾನು ಬೆರಳಿಗೆ ಸಿಕ್ಕಿಸಿ ನೋಡಿದೆ. 98. "ಏನೂ ಇಲ್ಲ, ವಯಸ್ಸಾಯ್ತು, ಸ್ವಲ್ಪ ವಾಕಿಂಗ್ ಮಾಡು" ಅಂದೆ. ಎರಡು ತಿಂಗಳಲ್ಲಿ ಎರಡು ಮೂರು ಸಲ ಹೀಗೇ ಆಯಿತು. ಕಂಡುಹಿಡಿದವಳು ನನ್ನ ಹೆಂಡತಿ. ಮೊರದಲ್ಲಿದ್ದ ಅಕ್ಕಿಯನ್ನು ತಂಗಿ ಹಿಡಿ ಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದದ್ದು ಅವಳ ಕಣ್ಣಿಗೆ ಬಿತ್ತು. "ಬಸುರಿಯಲ್ಲಿ ನಾನೂ ಹೀಗೇ ತಿಂತಿದ್ದೆ, ರಕ್ತ ಕಮ್ಮಿ ಅಂದಿದ್ರು" ಅಂದಳು. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ನೂರು ಮಿಲಿಲೀಟರ್ ರಕ್ತಕ್ಕೆ 6.4 ಗ್ರಾಂ. ಹೆಂಗಸರಿಗೆ 12 ಇರಬೇಕು. ವರ್ಷದಿಂದ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿತ್ತು. ಗಂಡಸರ ಮುಂದೆ ಹೇಳುವ ವಿಷಯ ಅಲ್ಲ ಎಂದು ಸುಮ್ಮನಿದ್ದಳು.

98 ಸುಳ್ಳಲ್ಲ. ಇದ್ದ ಸೀಟುಗಳಲ್ಲಿ ನೂರಕ್ಕೆ 98 ಭರ್ತಿ. ಆದರೆ ಬಸ್ಸುಗಳೇ ಅರ್ಧ ಇದ್ದವು. ನೂರು ಮಿಲಿಲೀಟರ್ ರಕ್ತಕ್ಕೆ ಹದಿನಾರು ಮಿಲಿಲೀಟರ್ ಆಮ್ಲಜನಕ ಬರಬೇಕಾದಲ್ಲಿ ಎಂಟೂ ಚಿಲ್ಲರೆ ಬರುತ್ತಿತ್ತು. ಹೃದಯ ಅದನ್ನು ಸರಿದೂಗಿಸಲು ಡವಡವ ಓಡುತ್ತಿತ್ತು. ಮೂವತ್ತು ವರ್ಷ ಇದೇ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬಿಡಿಸಿದವನು ನಾನು, ಸ್ವಂತ ತಂಗಿಯ ಬೆರಳಿಗೆ ಸಿಕ್ಕಿಸಿ 98 ನೋಡಿ ಸಮಾಧಾನ ಮಾಡಿಕೊಂಡೆ. ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ್ದರೆ ಸಾಕಿತ್ತು, ಒಳಗೆ ಕಾಗದದ ಹಾಗೆ ಬಿಳಿ ಇತ್ತು. ಗರ್ಭಕೋಶದ ಗಡ್ಡೆಗೆ ಚಿಕಿತ್ಸೆ ಆಯಿತು, ಕಬ್ಬಿಣದ ಮಾತ್ರೆ ತಿಂಗಳುಗಟ್ಟಲೆ ನಡೆಯಿತು. ಮಾತ್ರೆ ತಿಂದು ಮಲ ಕಪ್ಪಾದದ್ದಕ್ಕೆ ಹೆದರಿ ಒಂದು ವಾರ ನಿಲ್ಲಿಸಿಯೂ ಇದ್ದಳು. ಅದು ಮಾತ್ರೆಯ ಬಣ್ಣ, ಹೆದರಬೇಡಿ. ಊಟದ ಜೊತೆ ಟೀ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆಹಣ್ಣು ಹಿಂಡಿಕೊಂಡರೆ ಹತ್ತುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ. ಈ ಸಭೆಯಲ್ಲಿ ಕೂತಿರುವ ಅಕ್ಕತಂಗಿಯರಲ್ಲಿ ಎಷ್ಟು ಮಂದಿ ಎಂದು ನೀವೇ ಲೆಕ್ಕ ಹಾಕಿ.

ಇಲ್ಲಿಗೆ ಮಾತು ನಿಲ್ಲಿಸಿ ಪ್ರಶ್ನೆ ಕೇಳಿ ಎಂದೆ. ಹಿಂದಿನ ಸಾಲಿನಿಂದ ಒಬ್ಬ ಹಿರಿಯರು, ರುಮಾಲು ಸುತ್ತಿದವರು, ಎದ್ದರು. "ಸರ್ರ, ನಮ್ಮ ಮಾಗಡಿ ಕೆರಿಗೆ ಚಳಿಗಾಲದಾಗ ಹಕ್ಕಿ ಬರ್ತಾವಲ್ರಿ, ಹಿಮಾಲಯ ದಾಟಿ ಬರ್ತಾವ ಅಂತಾರ. ಅಷ್ಟು ಮ್ಯಾಲ ಗಾಳಿ ಇರಂಗಿಲ್ಲ. ಅವಕ್ಕ ದಮ್ ಹತ್ತಂಗಿಲ್ಲೇನ್ರಿ?"

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಮೆಡಿಕಲ್ ಕಾಲೇಜಿನಲ್ಲೂ ಯಾರೂ ಕೇಳಿರಲಿಲ್ಲ. ಅವರು ಹೇಳಿದ್ದು ಪಟ್ಟೆತಲೆ ಹೆಬ್ಬಾತು. ಶಿರಹಟ್ಟಿ ಹತ್ತಿರದ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಸಾವಿರಗಟ್ಟಲೆ ಬರುತ್ತವೆ. ಟಿಬೆಟ್, ಮಂಗೋಲಿಯಾ ಕಡೆ ಮರಿ ಮಾಡುವ ಹಕ್ಕಿ. ಹಿಮಾಲಯದ ಮೇಲೆ 7,000 ಮೀಟರಿಗೂ ಎತ್ತರದಲ್ಲಿ ಹಾರಿದ ದಾಖಲೆ ಇದೆ. ಅಲ್ಲಿ ಆಮ್ಲಜನಕ ಇಲ್ಲಿನ ಅರ್ಧಕ್ಕಿಂತ ಕಮ್ಮಿ. ಸಮುದ್ರಮಟ್ಟದ ಹತ್ತಿರವೇ ಬದುಕುವ ಅದರ ಸೋದರಸಂಬಂಧಿ ಬೂದು ಹೆಬ್ಬಾತಿಗೂ ಇದಕ್ಕೂ ಹಿಮೋಗ್ಲೋಬಿನ್‌ನಲ್ಲಿ ಕೆಲವೇ ಮಣಿಗಳ ವ್ಯತ್ಯಾಸ. ಅದರಲ್ಲೂ ಆಲ್ಫಾ ಸರದ 119ನೇ ಮಣಿಯ ಮೇಲೆ 1983ರಲ್ಲಿ ಬೆರಳಿಟ್ಟವನು ಅದೇ ಪೆರುಟ್ಜ್. ದೊಡ್ಡ ಮಣಿಯ ಜಾಗದಲ್ಲಿ ಚಿಕ್ಕದು ಬಂದಿದೆ, ಪಕ್ಕದ ಸರಕ್ಕೆ ತಾಗುತ್ತಿದ್ದ ಒಂದು ಗಂಟು ಸಡಿಲವಾಗಿದೆ, ಹಾಗಾಗಿ ಆಮ್ಲಜನಕವನ್ನು ಜಾಸ್ತಿ ಗಟ್ಟಿಯಾಗಿ ಹಿಡಿಯುತ್ತದೆ ಎಂದ. ಆಮೇಲೆ ಬೇರೆಯವರು ಮನುಷ್ಯನ ಹಿಮೋಗ್ಲೋಬಿನ್‌ನಲ್ಲೇ ಆ ಮಣಿ ಬದಲಿಸಿ ನೋಡಿದರು. ಹಿಡಿತ ಗಟ್ಟಿಯಾಯಿತು.

"ಗಟ್ಟಿ ಹಿಡದ್ರ ಬಿಡಂಗಿಲ್ಲ ಅಂತ ಈಗ ನೀವ ಹೇಳಿದ್ರಲ್ರಿ?" ಎಂದರು ಅವರು, ಬಿಡದೆ.

ಹೌದು. ಹಕ್ಕಿಯ ರೆಕ್ಕೆಯ ಸ್ನಾಯುವಿನಲ್ಲಿ ಸಣ್ಣ ರಕ್ತನಾಳಗಳು ಬೇರೆ ಬಾತುಗಳಿಗಿಂತ ದಟ್ಟವಾಗಿ ಹೆಣೆದುಕೊಂಡಿವೆ. ಇಳಿಯುವವರು ನಿಧಾನ ಮಾಡಿದರೂ ಮನೆಬಾಗಿಲಿಗೇ ಸ್ಟಾಪು ಇದ್ದರೆ ನಡೆಯುತ್ತದಲ್ಲ, ಹಾಗೆ. ಜೊತೆಗೆ ಕೆಲಸ ಮಾಡುವ ಸ್ನಾಯು ಬಿಸಿ, ಹುಳಿ. ಬೋರ್ ಹೇಳಿದ್ದು ಹಕ್ಕಿಗೂ ಅನ್ವಯ. ಇಷ್ಟು ವಿವರಿಸಿದೆ. ಅವರು ತಲೆ ಆಡಿಸಿದರು, ಕೂರಲಿಲ್ಲ.

"ಅದೆಲ್ಲ ಖರೆ ಐತ್ರಿ. ಅಲ್ಲಿಂದ ಬಂದು ನಮ್ಮ ಹೊಲದಾಗಿನ ಕಡ್ಲಿ ತಿಂದು ಹೋಗ್ತಾವ. ಅದಕ್ಕ ಪರಿಹಾರ ಯಾರ ಕೊಡ್ತಾರ್ರಿ?"

ಸಭೆ ಗೊಳ್ಳೆಂದು ನಕ್ಕಿತು. ನಾನು ಸೀಸೆಗಳನ್ನು ಚೀಲಕ್ಕೆ ಹಾಕಿಕೊಂಡು ಕೆಳಗಿಳಿದೆ.